ತತ್ತ್ವಶಾಸ್ತ್ರ ಓದಿದರೆ ಅನ್ನ ದೊರೆತೀತೆ?

ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಮನೆಮನೆಗಳಲ್ಲಿಯೂ ಒಂದೇ ಚಿಂತೆ: ಮಕ್ಕಳು ಮುಂದೇನು ಓದಬೇಕು? ಇಂಜಿನಿಯರಿಂಗ್, ವೈದ್ಯಕೀಯ ಎಂದರೆ ಹಿರಿಯರ ಮುಖ ಅರಳುತ್ತದೆ. ಮಗನೋ ಮಗಳೋ ‘ತತ್ತ್ವಶಾಸ್ತ್ರ’ ಎಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಈ ಆತಂಕವನ್ನು ನಾವು ಹಗುರವಾಗಿ ಕಾಣಲಾರೆವು. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಂತಹ ಕಾಡಿನ ನಡುವಣ ಊರಿನಿಂದ ಮಕ್ಕಳನ್ನು ಮೈಸೂರಿಗೋ ಧಾರವಾಡಕ್ಕೋ ಕಳುಹಿಸುವ ಮನೆಗೆ ಊಟ, ವಸತಿ, ಶುಲ್ಕ ಎಲ್ಲವೂ ಹೊರೆಯೇ. ಈ ಓದಿನಿಂದ ಜೀವನ ಸಾಗೀತೇ ಎಂದು ತಂದೆತಾಯಿಗಳು ಕೇಳುವುದು ನ್ಯಾಯವಾದ ಮಾತು.

ಕಹಿಯಾದ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ತತ್ತ್ವಶಾಸ್ತ್ರವನ್ನು ಬೋಧಿಸುವ ಕಾಲೇಜುಗಳು ಕಡಿಮೆ. ಅಧ್ಯಾಪಕ ಹುದ್ದೆಗಳೂ ಕಡಿಮೆ. ಈ ಪದವಿಯೊಂದನ್ನೇ ನೆಚ್ಚಿ ಕುಳಿತವರಿಗೆ ನೌಕರಿ ತಾನಾಗಿ ಬಾರದು.

ಆದರೆ ಈ ಶಾಸ್ತ್ರ ಕಲಿಸುವ ವಿದ್ಯೆ ಬಹು ಕಡೆ ಬೇಕಾದದ್ದು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಪೂರ್ವಪಕ್ಷವಾಗಿ ಮಂಡಿಸಿ, ಆಮೇಲೆ ಉತ್ತರ ಕೊಡಬೇಕೆಂಬುದು ನಮ್ಮ ದೇಶದ ಹಳೆಯ ಪದ್ಧತಿ. ನ್ಯಾಯವಾದಿಗೆ ಬೇಕಾದದ್ದೂ ಇದೇ ಅಲ್ಲವೆ? ಯಾವ ಪದವಿಯ ನಂತರವಾದರೂ ಮೂರು ವರ್ಷಗಳ ಕಾನೂನು ವ್ಯಾಸಂಗ ಮಾಡಬಹುದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವು 500 ಅಂಕಗಳ ಐಚ್ಛಿಕ ವಿಷಯವಾಗಿದೆ. 2013ರಿಂದ ಅದೇ ಪರೀಕ್ಷೆಯಲ್ಲಿ ನೀತಿಶಾಸ್ತ್ರದ 250 ಅಂಕಗಳ ಪತ್ರಿಕೆಯನ್ನು ಎಲ್ಲರೂ ಬರೆಯಬೇಕಾಗಿದೆ. ಹೊಸ ಔಷಧಗಳ ಪ್ರಯೋಗವನ್ನು ಪರಿಶೀಲಿಸುವ ನೀತಿ ಸಮಿತಿಗಳಲ್ಲಿ ವೈದ್ಯರ ಜೊತೆಗೆ ತತ್ತ್ವಜ್ಞರಿಗೂ ಸ್ಥಾನ ಸಲ್ಲಬಹುದೆಂದು 2019ರ ಕೇಂದ್ರ ನಿಯಮಗಳು ಹೇಳುತ್ತವೆ.

ಹಿಂದಿನವರ ಬದುಕನ್ನೂ ನೋಡೋಣ. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಡಾ. ರಾಧಾಕೃಷ್ಣನ್ ಅವರು ಮುಂದೆ ರಷ್ಯಾಕ್ಕೆ ರಾಯಭಾರಿಯಾಗಿ ಹೋದರು, 1962ರಲ್ಲಿ ರಾಷ್ಟ್ರಪತಿಗಳಾದರು. ಬಡತನದಲ್ಲಿ ಬೆಳೆದ ಎಸ್.ಎಲ್. ಭೈರಪ್ಪನವರು ಮೈಸೂರಿನಲ್ಲಿ ಈ ವಿಷಯದಲ್ಲಿಯೇ ಎಂ.ಎ. ಮಾಡಿ, ಹುಬ್ಬಳ್ಳಿ, ಗುಜರಾತ್, ದೆಹಲಿಗಳಲ್ಲಿ ಅಧ್ಯಾಪಕರಾಗಿ ದುಡಿದರು. 2025ರಲ್ಲಿ ಅಗಲಿದ ಅವರ ಕಾದಂಬರಿಗಳಲ್ಲಿ ಆ ಓದಿನ ಸತ್ತ್ವ ಎದ್ದು ಕಾಣುತ್ತದೆ. ಎಲ್ಲರೂ ಅಷ್ಟೆತ್ತರಕ್ಕೆ ಏರಲಾರರು, ನಿಜ. ಆದರೆ ಈ ಓದು ಅನ್ನಕ್ಕೆ ಅಡ್ಡಿಯಲ್ಲವೆಂಬುದಂತೂ ಸ್ಪಷ್ಟ.

ಭದ್ರವೆಂದು ನಾವು ನಂಬುವ ನೌಕರಿಗಳಾದರೂ ಎಷ್ಟು ಭದ್ರ? ಕೆರೆಕಟ್ಟೆಗೆ ನೆರೆಯದೇ ಆದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ನೆಚ್ಚಿ ಒಂದು ಪಟ್ಟಣವೇ ಬೆಳೆದಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋದರೂ ಕೈಬಿಡದಿರುವುದು ಹೊಸದನ್ನು ಕಲಿಯಬಲ್ಲ, ಸರಿಯಾಗಿ ಯೋಚಿಸಬಲ್ಲ ಬುದ್ಧಿ ಮಾತ್ರ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆ ಇಷ್ಟೆ. ಮಕ್ಕಳು ತತ್ತ್ವಶಾಸ್ತ್ರ ಎಂದಾಗ ಗದರಬೇಡಿರಿ. ‘ಇದರೊಡನೆ ಇನ್ನೇನು ಕಲಿಯುತ್ತೀಯೆ?’ ಎಂದು ಕೇಳಿರಿ. ಇಂಗ್ಲಿಷ್, ಕಂಪ್ಯೂಟರ್, ಕಾನೂನು, ಬಿ.ಎಡ್. ಇವುಗಳಲ್ಲಿ ಒಂದಾದರೂ ಜೊತೆಗಿರಲಿ. ಪದವಿಯ ಎರಡನೆಯ ವರ್ಷದಲ್ಲಿಯೇ ಮುಂದಿನ ದಾರಿ ಗೊತ್ತುಮಾಡಿಕೊಳ್ಳಲಿ. ಮಕ್ಕಳೂ ಅಷ್ಟೆ: ಮನೆಯವರು ಬೆವರು ಸುರಿಸಿ ಗಳಿಸಿದ ಹಣಕ್ಕೆ ಲೆಕ್ಕ ಹೇಳುವ ಹೊಣೆ ತಮ್ಮದೆಂದು ತಿಳಿಯಬೇಕು. ಪ್ರಶ್ನೆ ಕೇಳುವುದನ್ನು ಕಲಿಸುವ ಶಾಸ್ತ್ರವನ್ನು ಓದಹೊರಟವರು, ಮನೆಯ ಹಿರಿಯರು ಕೇಳುವ ಈ ಮೊದಲ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಡಲಿ.