ಮುಂಬೈ ಬಂಕರ್ ತೆರೆಯಿತು, ಆಳಂದದ 1948 ಯಾವಾಗ?

2016ರಲ್ಲಿ ಮುಂಬೈ ರಾಜಭವನದ ಅಡಿಯಲ್ಲಿ ಬ್ರಿಟಿಷರ ಕಾಲದ ಬಂಕರೊಂದು ಸಿಕ್ಕಿತು. ಸುಮಾರು 150 ಮೀಟರ್ ಉದ್ದ, 13 ಕೋಣೆ. ಮದ್ದುಗುಂಡು ಇಡುವ ಜಾಗ, ಶೆಲ್ ಮೇಲೆತ್ತುವ ಲಿಫ್ಟ್, ವರ್ಕ್‌ಶಾಪ್ ಎಲ್ಲಾ ಇದ್ದವು. 2019ರಲ್ಲಿ ಅದು ಮ್ಯೂಸಿಯಂ ಆಯಿತು. 2022ರ ಜೂನ್‌ನಲ್ಲಿ ಪ್ರಧಾನಿ ಅಲ್ಲಿ ಕ್ರಾಂತಿಕಾರಿಗಳ ಗ್ಯಾಲರಿ ಉದ್ಘಾಟಿಸಿದರು. ಒಳ್ಳೇದೇ. ಆದ್ರೆ ಒಂದು ಮಾತು ಗಮನಿಸಿ: ಮುಚ್ಚಿದ್ದ ಬಾಗಿಲು ತೆಗೆದ ಮೇಲೆ ಒಳಗೆ ಯಾರ ಕತೆ ಇಡಬೇಕು ಅನ್ನೋದನ್ನ ಅಧಿಕಾರದಲ್ಲಿ ಇರೋರೇ ತೀರ್ಮಾನಿಸ್ತಾರೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಂಗೆ ಮುಚ್ಚಿಹೋಗಿರುವುದು ಕಾಂಕ್ರೀಟ್ ಕೋಣೆ ಅಲ್ಲ, 1948ರ ನೆನಪು. ಆ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂತು. ಆಳಂದದಿಂದ ದೂರವೇನೂ ಇಲ್ಲದ ನಳದುರ್ಗ ಮೊದಲ ದಿನವೇ ಕೈವಶವಾಯಿತು. 17ಕ್ಕೆ ನಿಜಾಮ ಶರಣಾದ. ಪಠ್ಯಪುಸ್ತಕದ ಕತೆ ಬಹುತೇಕ ಇಲ್ಲಿಗೇ ಮುಗಿಯುತ್ತೆ.

ಅದಕ್ಕೂ ಮೊದಲು ರಜಾಕಾರರು ಹಳ್ಳಿಹಳ್ಳಿ ಸುಟ್ಟಿದ್ದು ನಿಜ. ಅದೇ ವರ್ಷ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಅದಕ್ಕೆ ಸ್ಮಾರಕ ಬಂತು. 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆಗೆ ಮುಂಚೆ, ಅಮಿತ್ ಶಾ ಉದ್ಘಾಟಿಸಿದರು. ಸ್ಮಾರಕ ಬೇಕಿತ್ತು, ಅದರಲ್ಲಿ ತಕರಾರಿಲ್ಲ.

ಆದರೆ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ ಏನಾಯಿತು? ಅದನ್ನು ನೋಡಿಬರಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಅದೇ ವರದಿ ಹೇಳುತ್ತೆ. ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರ ಕಣ್ಣಿಗೆ ಬೀಳುವ ಹೊತ್ತಿಗೆ 2013 ಆಗಿತ್ತು.

ಹಳೇ ಮಾತು ಈಗ್ಯಾಕೆ ಅಂತೀರಾ? 2022ರಲ್ಲಿ ಶಿವರಾತ್ರಿ ದಿನ ಆಳಂದದ ಲಾಡ್ಲೆ ಮಶಾಕ್ ದರ್ಗಾ ಸುತ್ತ ಗಲಾಟೆ ಆಯಿತು. ಅಲ್ಲಿಂದೀಚೆಗೆ ಶಿವರಾತ್ರಿ ಬಂತಂದ್ರೆ ಊರಲ್ಲಿ ಪೊಲೀಸ್ ಬಂದೋಬಸ್ತ್. ಅರ್ಧ ಇತಿಹಾಸ ಮಾತ್ರ ಗೊತ್ತಿರುವ ಊರಲ್ಲಿ ಇನ್ನರ್ಧವನ್ನು ವಾಟ್ಸ್‌ಆ್ಯಪ್ ತುಂಬಿಸುತ್ತೆ. ಗೋರಟಾ ಗೊತ್ತು, ಸುಂದರಲಾಲ್ ಗೊತ್ತಿಲ್ಲ ಅನ್ನುವವನಿಗೂ, ಸುಂದರಲಾಲ್ ಗೊತ್ತು, ಗೋರಟಾ ಬೇಡ ಅನ್ನುವವನಿಗೂ ಸಿಗುವುದು ಸಿಟ್ಟು ಮಾತ್ರ.

ಪ್ರತಿ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅಂತ ಧ್ವಜ ಏರುತ್ತೆ, ಅನುದಾನದ ಘೋಷಣೆ ಆಗುತ್ತೆ. ಅದರ ಜೊತೆ ಇನ್ನೊಂದು ಕೆಲಸ ಆಗಬೇಕು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ವಿದ್ಯಾರ್ಥಿಗಳು ರೆಕಾರ್ಡರ್ ಹಿಡಿದು ಸುತ್ತಲ ಹಳ್ಳಿಗಳಿಗೆ ಹೋಗಲಿ, ಎರಡೂ ಕಡೆಯ ಹಿರಿಯರ ಮಾತು ದಾಖಲಿಸಲಿ. ಸುಂದರಲಾಲ್ ವರದಿ ಕನ್ನಡದಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ರಾಜ್ಯ ಸರ್ಕಾರ ಮಾಡಲಿ.

1948ರಲ್ಲಿ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಬಂಕರ್ ಇನ್ನೂ ನೂರು ವರ್ಷ ಕಾಯುತ್ತೆ. ಇವರು ಕಾಯೋದಿಲ್ಲ.