‘ಯಾವ ಜನ?’ ಎಂಬ ಪ್ರಶ್ನೆ

ಆಲ್ದೂರಿನ ಅಂಗಡಿಕಟ್ಟೆಯಾಗಲಿ, ಕ್ಯೂರಿಂಗ್ ವರ್ಕ್ಸಿನ ಗೇಟಾಗಲಿ, ಚುನಾವಣೆಯ ಮಾತು ಬಂದರೆ ಮೊದಲು ಹೊರಡುವ ಪ್ರಶ್ನೆ ಒಂದೇ: ‘ನಿಂತಿರೋರು ಯಾವ ಜನ?’ ಆ ಮನುಷ್ಯ ಏನು ಮಾಡಿದ್ದಾನೆ, ಕೂಲಿಯ ಮಾತು ಬಂದಾಗ ಯಾರ ಪಕ್ಕದಲ್ಲಿ ಕುಳಿತಿದ್ದ ಎಂಬುದೆಲ್ಲ ಆಮೇಲೆ. ಪಂಚಾಯ್ತಿ ಮೆಂಬರಿಕೆಯಿಂದ ಹೊರಟ ಈ ಪ್ರಶ್ನೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ರಾಷ್ಟ್ರಪತಿ ಭವನದ ಬಾಗಿಲನ್ನೂ ಮುಟ್ಟಿದೆ. ಈ ಪ್ರಶ್ನೆಯನ್ನು ಕೇಳುವುದೇ ಪಾಪವೆಂದು ಉಪದೇಶ ಮಾಡುವ ಮಹಾಶಯರಿದ್ದಾರೆ. ಇದೊಂದನ್ನು ಬಿಟ್ಟು ಬೇರೇನನ್ನೂ ಕೇಳಬೇಡಿ ಎನ್ನುವ ಧುರೀಣರೂ ಇದ್ದಾರೆ. ಇಬ್ಬರೂ ಸೇರಿ ದುಡಿಯುವವನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ರಾಷ್ಟ್ರಪತಿಯ ಚುನಾವಣೆಯಲ್ಲಿ ನಮಗೆ ನಿಮಗೆ ನೇರವಾದ ಮತವಿಲ್ಲ. ಅಲ್ಲಿ ಮತ ಹಾಕುವವರು ಶಾಸಕರು ಮತ್ತು ಸಂಸದರು. ಆದರೆ ಆ ಮತದ ತೂಕ ನಮ್ಮದು. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತದ ಬೆಲೆ 131 ಇತ್ತು. 1971ರ ಜನಗಣತಿಯಂತೆ ರಾಜ್ಯದಲ್ಲಿದ್ದ ಜನರ ಸಂಖ್ಯೆಯನ್ನು 224 ಶಾಸಕ ಸ್ಥಾನಗಳಿಗೆ ಹಂಚಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಸಿಗುವ ಸಂಖ್ಯೆಯಿದು. ಅಂದರೆ ಮೂಡಿಗೆರೆಯ ಶಾಸಕರು ಚೀಟಿ ಹಾಕುವಾಗ ತೋಟದ ಆಳು, ಗಿರಣಿಯ ಹಮಾಲಿ, ಕಿರಾಣಿ ಅಂಗಡಿಯವ ಎಲ್ಲರ ತಲೆಯೂ ಆ ಲೆಕ್ಕದೊಳಗಿದೆ. ಅಷ್ಟೇ ಅಲ್ಲ, ಆ ಮತ ಗುಪ್ತವಾದದ್ದು. ಇಂಥವರಿಗೇ ಹಾಕಿರೆಂದು ಪಕ್ಷ ವಿಪ್ ಹೊರಡಿಸುವಂತಿಲ್ಲ. ಹೀಗಿರುವಲ್ಲಿ ಅಭ್ಯರ್ಥಿಯ ಹುಟ್ಟು ಎಷ್ಟು ಮತವನ್ನು ಎಳೆಯುತ್ತದೆ ಎಂಬುದನ್ನು ನೋಡುವುದು ಉಪಯುಕ್ತ.

2022ರ ಜುಲೈ ತಿಂಗಳಲ್ಲಿ ಒಡಿಶಾದ ಸಂತಾಲ ಸಮುದಾಯದ ಶ್ರೀಮತಿ ದ್ರೌಪದಿ ಮುರ್ಮು ಅವರು ಶ್ರೀ ಯಶವಂತ ಸಿನ್ಹಾ ಅವರನ್ನು ಸೋಲಿಸಿ ದೇಶದ ಮೊದಲ ಆದಿವಾಸಿ ರಾಷ್ಟ್ರಪತಿಯಾದರು. ಚಲಾಯಿತ ಮತಮೌಲ್ಯದಲ್ಲಿ ಅವರಿಗೆ ಬಂದದ್ದು ನೂರಕ್ಕೆ 64. ಅವರನ್ನು ನಿಲ್ಲಿಸಿದ್ದು ಭಾರತೀಯ ಜನತಾ ಪಕ್ಷದ ಕೂಟ. ಆದರೂ ಜಾರ್ಖಂಡದಲ್ಲಿ ಕಾಂಗ್ರೆಸ್ಸಿನೊಡನೆ ಸರ್ಕಾರ ನಡೆಸುತ್ತಿದ್ದ ಜಾರ್ಖಂಡ ಮುಕ್ತಿ ಮೋರ್ಚಾ ಅವರ ಬೆನ್ನಿಗೆ ನಿಂತಿತು. ಸಂತಾಲರ ಮತದಿಂದ ಬಾಳುವ ಪಕ್ಷ ಸಂತಾಲ ಮಹಿಳೆಯನ್ನು ಎದುರಿಸಿ ಊರಿಗೆ ಮರಳುವುದು ಹೇಗೆ? ನಮ್ಮ ರಾಜ್ಯದ ಜನತಾದಳವೂ ಅವರನ್ನೇ ಬೆಂಬಲಿಸಿತು. ಎಲ್ಲರೂ ಹುಟ್ಟನ್ನಷ್ಟೇ ನೋಡಿ ಮತ ಹಾಕಿದರೆಂದು ನಾವು ಹೇಳುವುದಿಲ್ಲ. ಆದರೆ ಹುಟ್ಟನ್ನು ನೋಡಿಯೇ ಅಭ್ಯರ್ಥಿಯನ್ನು ಆರಿಸಲಾಯಿತು, ಎದುರು ಪಾಳೆಯದ ಮತ ಸಡಿಲಿದ್ದೂ ಅದರಿಂದಲೇ.

ಅದಕ್ಕೂ ಐದು ವರ್ಷ ಮೊದಲು, 2017ರಲ್ಲಿ, ಒಂದು ಕಡೆ ಶ್ರೀ ರಾಮನಾಥ ಕೋವಿಂದ್ ನಿಂತರು. ಇನ್ನೊಂದು ಕಡೆ ಜಗಜೀವನ ರಾಮ್ ಅವರ ಮಗಳು ಶ್ರೀಮತಿ ಮೀರಾ ಕುಮಾರ್ ನಿಂತರು. ಇಬ್ಬರೂ ದಲಿತರು. ಒಂದು ಪಾಳೆಯ ದಲಿತರನ್ನು ನಿಲ್ಲಿಸಿತೆಂದು ಇನ್ನೊಂದು ಪಾಳೆಯವೂ ದಲಿತರನ್ನೇ ಹುಡುಕಿತು. ಇಬ್ಬರೂ ಯೋಗ್ಯರೇ ಸರಿ. ಆದರೆ ದಲಿತರ ಭೂಮಿ ಏನಾಯಿತು, ಕೂಲಿ ಏನಾಯಿತು, ದೌರ್ಜನ್ಯದ ಮೊಕದ್ದಮೆಗಳು ಏನಾದವು ಎಂಬ ಚರ್ಚೆ ಆ ಇಡೀ ಚುನಾವಣೆಯಲ್ಲಿ ಎಷ್ಟು ನಡೆಯಿತು?

ಹಾಗೆಂದು, ಆ ಪೀಠದಲ್ಲಿ ಯಾರು ಕೂತರೇನು ಎನ್ನುವ ಜಾಣರ ಸಾಲಿಗೂ ನಾವು ಸೇರುವುದಿಲ್ಲ. ಈ ಬರಹಗಾರ ಮೇಷ್ಟ್ರಾಗಿದ್ದವನು. ತೋಟದ ಲೈನಿನಿಂದ ಬಂದ ಮಗು, ಯಾರೂ ಹೇಳದಿದ್ದರೂ ತಾನಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂರುವುದನ್ನು ಕಂಡವನು. ತನ್ನಂಥವರು ಮುಂದಿನ ಸಾಲಿನಲ್ಲಿ ಕೂತದ್ದನ್ನು ನೋಡಿದ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಅದು ಸಣ್ಣ ಸಂಗತಿಯಲ್ಲ. 1950ರಲ್ಲಿ ಗಣರಾಜ್ಯವಾದ ದೇಶಕ್ಕೆ ಒಬ್ಬ ದಲಿತ ರಾಷ್ಟ್ರಪತಿ, ಶ್ರೀ ಕೆ. ಆರ್. ನಾರಾಯಣನ್, ಸಿಕ್ಕಿದ್ದು 1997ರಲ್ಲಿ. ಒಬ್ಬ ಆದಿವಾಸಿ ರಾಷ್ಟ್ರಪತಿ ಸಿಕ್ಕಿದ್ದು 2022ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಯಾವ ಜನ ಎಂಬ ಪ್ರಶ್ನೆ ಇರಲಿಲ್ಲವೆ? ಇತ್ತು. ಉತ್ತರ ಮೇಲಿನವರ ಪರವಾಗಿದ್ದುದರಿಂದ ಯಾರೂ ಬಾಯಿಬಿಟ್ಟು ಕೇಳುವ ಅಗತ್ಯ ಬೀಳಲಿಲ್ಲ, ಅಷ್ಟೆ.

ಈ ಮಾತನ್ನು ತಿಳಿಯಲು ಅಮೆರಿಕದ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿ ನಮ್ಮ ಜಾತಿಯ ಜಾಗದಲ್ಲಿರುವುದು ಮೈಬಣ್ಣ. ಬಣ್ಣದ ಕಾರಣದಿಂದ ಮತದ ಹಕ್ಕನ್ನು ನಿರಾಕರಿಸಬಾರದೆಂದು ಅವರು ಸಂವಿಧಾನದಲ್ಲಿ ಬರೆದುಕೊಂಡದ್ದು 1870ರಲ್ಲಿ. ಆದರೂ ದಕ್ಷಿಣದ ರಾಜ್ಯಗಳಲ್ಲಿ ಮತಕ್ಕೆ ತೆರಿಗೆ, ಓದುಬರಹದ ಪರೀಕ್ಷೆ, ಕೊನೆಗೆ ದೊಣ್ಣೆ ಇವುಗಳಿಂದ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಟ್ಟರು. ಸರಿಯಾದ ಕಾನೂನು ಬಂದದ್ದು 1965ರಲ್ಲಿ. 2008ರಲ್ಲಿ ಬರಾಕ್ ಒಬಾಮ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಮತಗಟ್ಟೆಯ ಹೊರಗೆ ನಡೆಸಿದ ಸಮೀಕ್ಷೆಯ ಪ್ರಕಾರ ನೂರು ಮಂದಿ ಕಪ್ಪು ಮತದಾರರಲ್ಲಿ 95 ಮಂದಿ ಅವರಿಗೆ ಮತ ಕೊಟ್ಟರು. ‘ನೋಡಿರಿ, ಬಣ್ಣ ನೋಡಿ ಹಾಕಿದರು’ ಎಂದು ಕೂಗಿದವರು ಬಹಳ. ಆದರೆ ಅದೇ ಪಕ್ಷದ ಬಿಳಿಯ ಅಭ್ಯರ್ಥಿಗಳಾದ ಆಲ್ ಗೋರ್ ಅವರಿಗೆ 2000ದಲ್ಲಿ 90, ಜಾನ್ ಕೆರ್ರಿ ಅವರಿಗೆ 2004ರಲ್ಲಿ 88 ಮಂದಿ ಇದೇ ಕಪ್ಪು ಜನ ಮತ ಕೊಟ್ಟಿದ್ದರು! ಅವರು ನೋಡಿದ್ದು ಚರ್ಮವನ್ನಷ್ಟೇ ಅಲ್ಲ. ಹಕ್ಕಿನ ಕಾನೂನು ಬಂದಾಗ ಯಾವ ಪಕ್ಷ ಯಾವ ಕಡೆಗಿತ್ತೆಂಬುದನ್ನು. ಇನ್ನೊಂದು ಲೆಕ್ಕವನ್ನೂ ನೋಡಿರಿ. 2008ರಲ್ಲಿ ನೂರು ಬಿಳಿಯರಲ್ಲಿ 43 ಮಂದಿ ಒಬಾಮ ಅವರಿಗೂ 55 ಮಂದಿ ಎದುರಾಳಿಗೂ ಹಾಕಿದರು. ಆ 55ರಲ್ಲಿ ಬಣ್ಣ ನೋಡಿದವರೆಷ್ಟು ಎಂದು ಕೇಳಿದವರು ಕಡಿಮೆ. ಕೆಳಗಿನವನು ಒಟ್ಟಾದರೆ ಅದು ಜಾತಿಯ ಮತ. ಮೇಲಿನವನು ಒಟ್ಟಾದರೆ ಅದು ಬರಿಯ ಮತ. ಆಲ್ದೂರಿನಲ್ಲೂ ಇದೇ ಭಾಷೆಯಲ್ಲವೆ? ಲೈನಿನವರು ಒಂದು ಕಡೆ ಹಾಕಿದರೆ ‘ಕಾಲೊನಿ ಓಟು’. ಧಣಿಗಳೆಲ್ಲ ಒಂದು ಕಡೆ ಹಾಕಿದರೆ ಅದು ‘ಅಭಿವೃದ್ಧಿಯ ಪರ’.

ಹುಟ್ಟಿನ ಪ್ರಶ್ನೆಯನ್ನು ಬದಿಗೆ ಸರಿಸಿ ಹೊಟ್ಟೆಯ ಪ್ರಶ್ನೆ ಮುಂದೆ ಬಂದ ಸಂದರ್ಭಗಳು ನಮ್ಮಲ್ಲಿ ಇಲ್ಲವೆ? ಇವೆ. ಅವುಗಳಲ್ಲಿ ಎರಡು ನಮ್ಮ ರಾಜ್ಯಕ್ಕೇ ಸೇರಿದವು.

ಮೊದಲನೆಯದು 1969ರದು. ಆ ವರ್ಷದ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಮುಖಂಡರು ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ಆರಿಸಿದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಶ್ರೀ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರು ಇದಕ್ಕೆ ಒಪ್ಪದೆ, ಜುಲೈ 19ರಂದು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿ, ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆಕೊಟ್ಟರು. ಗೆದ್ದವರು ಕಾರ್ಮಿಕ ಸಂಘಟನೆಯಲ್ಲಿ ಬೆಳೆದ ಶ್ರೀ ವಿ. ವಿ. ಗಿರಿ. ಅಂತರ ಬಹಳ ಕಡಿಮೆ, ಎರಡನೆಯ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆಯೇ ನಿಶ್ಚಯವಾದದ್ದು. ಅದರಲ್ಲಿ ಅಧಿಕಾರದ ಜಗಳ ಧಾರಾಳವಾಗಿತ್ತು. ಆದರೂ ಆ ದಿನಗಳಲ್ಲಿ ಜನ ಆಡಿದ ಮಾತು ಬ್ಯಾಂಕು ಯಾರದು, ಸಾಲ ಯಾರಿಗೆ ಎಂಬುದಾಗಿತ್ತು. ಗಿರಿ ಯಾವ ಜನ, ರೆಡ್ಡಿ ಯಾವ ಜನ ಎಂಬುದು ಹಿಂದೆ ಬಿತ್ತು. ಇಂದು ಬ್ಯಾಂಕಿನ ಬಾಗಿಲು ತಟ್ಟುವ ಸಣ್ಣ ವ್ಯಾಪಾರಿ ಈ ಮಾತನ್ನು ನೆನೆಯಬೇಕು.

ಎರಡನೆಯದು ನಮ್ಮ ಮನೆಯಂಗಳದ್ದು. 1978ರಲ್ಲಿ ಶ್ರೀ ಡಿ. ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಲೋಕಸಭಾ ಸ್ಥಾನವನ್ನು ಬಿಟ್ಟುಕೊಟ್ಟರು. ಅಲ್ಲಿ ಇಂದಿರಾ ಗಾಂಧಿಯವರು ನಿಂತರು. ಎದುರಾಗಿ ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ಶ್ರೀ ವೀರೇಂದ್ರ ಪಾಟೀಲರು, 1969ರ ಒಡಕಿನಲ್ಲಿ ನಿಜಲಿಂಗಪ್ಪನವರ ಪಾಳೆಯದಲ್ಲಿದ್ದವರು. ಅವರ ಪರ ಓಡಾಡಿದವರಲ್ಲಿ ಸಮಾಜವಾದಿ ಜಾರ್ಜ್ ಫರ್ನಾಂಡಿಸ್ ಮುಂದಾಳು. ತುರ್ತುಪರಿಸ್ಥಿತಿಯನ್ನು ಹೇರಿದ ಪ್ರಧಾನಿಯ ವಿರುದ್ಧ ನಿಲ್ಲುವುದು ಸಮಾಜವಾದಿಗಳ ಧರ್ಮವಾಗಿತ್ತು, ಆ ಬಗ್ಗೆ ನಮಗೆ ಪಶ್ಚಾತ್ತಾಪವಿಲ್ಲ. ಆದರೆ ಸೋತ ಕಾರಣವನ್ನು ಮುಚ್ಚಿಡಬಾರದು. ಒಕ್ಕಲಿಗರೂ ಲಿಂಗಾಯತರೂ ಬಲವಾಗಿರುವ ಜಿಲ್ಲೆಯಲ್ಲಿ ಇವೆರಡಕ್ಕೂ ಸೇರದ, ಕನ್ನಡ ಬಾರದ, ಉತ್ತರದ ಕಾಶ್ಮೀರಿ ಪಂಡಿತರ ಮನೆಯ ಮಹಿಳೆ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಜಾತಿಯ ಲೆಕ್ಕವೇ ಎಲ್ಲವೂ ಆಗಿದ್ದರೆ ಈ ಗೆಲುವು ಹೇಗೆ?

ಉತ್ತರ ಲೈನಿನ ಮನೆಗಳಲ್ಲೂ ಗೇಣಿಯ ಗದ್ದೆಗಳಲ್ಲೂ ಇತ್ತು. ಸಣ್ಣ ಸಂಖ್ಯೆಯ ಅರಸು ಸಮುದಾಯದಿಂದ ಬಂದ ಶ್ರೀ ದೇವರಾಜ ಅರಸರ ಸರ್ಕಾರ 1974ರಲ್ಲಿ ಗೇಣಿದಾರನಿಗೆ ಭೂಮಿ ಕೊಡುವ ಕಾನೂನು ತಂದಿತ್ತು. 1976ರಲ್ಲಿ ಬಡವನ ಸಾಲ ತೊಡೆಯುವ ಕಾನೂನು ತಂದಿತ್ತು. ಬಡವರಿಗೆ ನಿವೇಶನ ಹಂಚಿತ್ತು. ಕೈಗೆ ಏನಾದರೂ ಬಂದ ಮನುಷ್ಯ ಜಾತಿಯ ಹೊರಗೆ ಕಾಲಿಡಲು ಧೈರ್ಯ ಮಾಡುತ್ತಾನೆ. ಕೈ ಬರಿದಾದವನಿಗೆ ಉಳಿಯುವುದು ಜಾತಿಯೊಂದೇ. ಕಾಯಿಲೆಗೆ, ಮದುವೆಗೆ, ಸಾವಿಗೆ ಆಗಿಬರುವುದು ಅದೇ. ಅವನು ಅದನ್ನು ಬಿಗಿಹಿಡಿದರೆ ತಪ್ಪು ಅವನದಲ್ಲ.

ಆದರೆ ಅದೇ ಭೂಸುಧಾರಣೆಯಲ್ಲಿ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟರು. ಬಯಲಿನ ಗೇಣಿದಾರ ಹೊಲದ ಒಡೆಯನಾದ. ಮಲೆಯ ತೋಟದಾಳು ಆಳಾಗಿಯೇ ಉಳಿದ. ಗೆದ್ದ ಇಂದಿರಾ ಗಾಂಧಿಯವರನ್ನು 1978ರ ಡಿಸೆಂಬರಿನಲ್ಲಿ ಲೋಕಸಭೆ ಹೊರಹಾಕಿತು. ಜಗತ್ತೇ ಚಿಕ್ಕಮಗಳೂರಿನ ಹೆಸರು ಕೇಳಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬಂತಾಯಿತು ಲೈನಿನವರ ಪಾಡು.

ಇಂದಿನ ಮಾತಿಗೆ ಬರೋಣ. 2022ರಿಂದೀಚೆಗೆ ಕಂದಾಯ ಕಾಯ್ದೆಯನ್ನು ತಿದ್ದಿ, ಸರ್ಕಾರಿ ಜಮೀನನ್ನು ಒತ್ತುವರಿ ಮಾಡಿ ತೋಟ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿದರು. ಸರ್ಕಾರ ಬದಲಾದರೂ ಆ ದಾರಿ ಮುಚ್ಚಲಿಲ್ಲ. ಇದರಲ್ಲಿ ಒಂದೆರಡು ಎಕರೆಯ ಸಣ್ಣ ಬೆಳೆಗಾರನೂ ಇದ್ದಾನೆ, ಅವನ ಮೇಲೆ ನಮಗೆ ದ್ವೇಷವಿಲ್ಲ. ಆದರೆ ತೋಟದಾಳಿಗೇನು? ಸರ್ಕಾರಿ ಜಾಗದಲ್ಲಿ ಗುಡಿಸಲು ಕಟ್ಟಿದವನಿಗೆ 94ಸಿ ಇದೆ ಎನ್ನುತ್ತಾರೆ. ಲೈನಿನಲ್ಲಿರುವವನಿಗೆ ಅರ್ಜಿ ಹಾಕಲು ಸ್ವಂತದ್ದೊಂದು ಗೋಡೆಯೇ ಇಲ್ಲವಲ್ಲ! ಗೋಡೆ ಧಣಿಯದು, ಸೂರು ಧಣಿಯದು, ಕೆಲಸ ಬಿಟ್ಟ ದಿನ ಪಾತ್ರೆ ಹೊರಗೆ. ಕಳಸ, ಕುದುರೆಮುಖದ ಕಾಡಂಚಿನಲ್ಲಿ ಮಲೆಕುಡಿಯರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಂಥವರಿಗೆಂದೇ ಬಂದದ್ದು. ಆದಿವಾಸಿ ಮಹಿಳೆ ರಾಷ್ಟ್ರಪತಿಯಾದ ಮೇಲೂ ಕಾಡಂಚಿನವರ ಕೈಯ ಅರ್ಜಿ ತಾನಾಗಿ ಹಕ್ಕುಪತ್ರವಾಗಲಿಲ್ಲ. ಇದು ರಾಷ್ಟ್ರಪತಿಗಳ ಮೇಲಿನ ದೂರಲ್ಲ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ದೂರು, ಅವರ ಹುಟ್ಟನ್ನು ತೋರಿಸಿ ಮತ ಎಣಿಸಿಕೊಂಡು, ಅರ್ಜಿಯ ಕಟ್ಟನ್ನು ಬಿಚ್ಚದವರ ಮೇಲೆ.

ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಆ ಮೀಸಲಾತಿ ಬೇಕು, ಇರಲೇಬೇಕು. ಆದರೆ ಕುರ್ಚಿ ಮೀಸಲಾದ ಮಾತ್ರಕ್ಕೆ ಕುರ್ಚಿಯ ಹಿಂದೆ ನಿಂತ ದುಡ್ಡು ಮೀಸಲಾಗುವುದಿಲ್ಲ. ಅಭ್ಯರ್ಥಿ ನಮ್ಮವನು, ಜೀಪು ಯಾರದು? ಬೂತಿನ ಖರ್ಚು ಯಾರದು? ಗೆದ್ದ ಮೇಲೆ ಯಾರ ಬಂಗಲೆಯಲ್ಲಿ ಊಟ? ಈ ಲೆಕ್ಕವನ್ನು ಅಂಗಡಿಯವರೂ ಕೇಳಬೇಕು. ಬಟವಾಡೆಯ ದಿನ ಆಳಿನ ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದರೆ ತಾನೆ ಆಲ್ದೂರಿನ ಅಂಗಡಿಗೆ ಕಳೆ? ಅದಿಲ್ಲದಿದ್ದರೆ ಕಡದ ಪುಸ್ತಕ ಬೆಳೆಯುತ್ತದೆ. ಆ ಪುಸ್ತಕಕ್ಕೆ ಜಾತಿಯಿಲ್ಲ.

ಬಂಧುಗಳೆ, ‘ಯಾವ ಜನ?’ ಎಂದು ಕೇಳುವುದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ನೂರಾರು ವರ್ಷ ಹೊರಗೆ ನಿಲ್ಲಿಸಲ್ಪಟ್ಟವನು ಒಳಗೆ ಬಂದವರಲ್ಲಿ ತನ್ನವರನ್ನು ಹುಡುಕಿದರೆ ಅದು ನ್ಯಾಯ. ಕೇಳಿರಿ. ಆದರೆ ಅಲ್ಲಿಗೇ ನಿಲ್ಲಬೇಡಿರಿ. ನಿನ್ನನ್ನು ನಿಲ್ಲಿಸಿದವರು ಯಾರು ಎಂದು ಕೇಳಿರಿ. ನಿವೇಶನಕ್ಕೆ ಜಾಗ ಎಲ್ಲಿ, ಎಷ್ಟು ಗುಂಟೆ, ಯಾವ ತಿಂಗಳೊಳಗೆ ಎಂದು ಕೇಳಿರಿ. ರಾಷ್ಟ್ರಪತಿ ಚುನಾವಣೆ ಬಂದಾಗ, ನಮ್ಮ ತಲೆಯೆಣಿಕೆಯಿಂದ ಬಂದ ಮತವನ್ನು ಯಾವ ಕಾರಣಕ್ಕೆ ಯಾರಿಗೆ ಹಾಕಿದಿರಿ ಎಂದು ಶಾಸಕರನ್ನು ಆಲ್ದೂರಿಗೆ ಕರೆದು ಕೇಳಿರಿ. ಮತ ಗುಪ್ತವಾಗಿರಬಹುದು, ಕಾರಣ ಗುಪ್ತವಾಗಿರಬೇಕಿಲ್ಲ.

ನಮ್ಮ ಜನ ಎಂದರೆ ನಮ್ಮ ಜೊತೆ ನಿಂತವರು. ಲೈನಿನ ಒಂದೊಂದು ಮನೆಯ ಬೀಗದ ಕೈ ಆ ಮನೆಯವರ ಕೈಗೆ ಬರುವವರೆಗೆ ಈ ಪ್ರಶ್ನೆಗಳನ್ನು ಬಿಡದೆ ಕೇಳುತ್ತಿರೋಣ.