ಒಂದು ಸಂತೆಯೂರಿನ ಪಾಠ

ಮಧ್ಯ ಅಮೇರಿಕದ ಗ್ವಾಟೆಮಾಲಾ ದೇಶದ ಬೆಟ್ಟಸೀಮೆಯಲ್ಲಿ ಚಿಚಿಕಾಸ್ತೆನಾಂಗೊ ಎಂಬ ಸಣ್ಣ ಪಟ್ಟಣವಿದೆ. ಮಾಯಾ ಜನಾಂಗದ ಕಿಚೆ ಪಂಗಡದವರ ಊರಿದು. 1524ರಲ್ಲಿ ಸ್ಪೇನಿನವರು ಕಿಚೆ ರಾಜ್ಯವನ್ನು ಗೆದ್ದರು. ರಾಜ್ಯ ಹೋಯಿತು, ಭಾಷೆ ಹೋಗಲಿಲ್ಲ. ಗುರುವಾರ, ಭಾನುವಾರಗಳ ಸಂತೆಯಲ್ಲಿ ಇಂದಿಗೂ ಕಿಚೆ ಮಾತು ಕೇಳಿಬರುತ್ತದೆ. ಇಗರ್ಜಿಯ ಮೆಟ್ಟಿಲುಗಳ ಮೇಲೆ ಹಿರಿಯರು ಪೂರ್ವಿಕರನ್ನು ನೆನೆದು ಧೂಪ ಹಾಕುತ್ತಾರೆ. 1701-03ರ ಸುಮಾರಿಗೆ ಇಲ್ಲಿನ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ ಕಿಚೆ ಜನರ ಪುರಾಣವಾದ 'ಪೊಪೊಲ್ ವುಹ್' ಗ್ರಂಥವನ್ನು ನಕಲು ಮಾಡಿಕೊಂಡರು. ಮೂಲಪ್ರತಿ ಇಂದು ಇಲ್ಲ. ಆ ನಕಲು ಉಳಿದಿದೆ.

ಸರಕಾರದ ಭಾಷೆ ಬೇರೆಯಾದ ಮಾತ್ರಕ್ಕೆ ಮನೆಮಾತು ಅಳಿಯಬೇಕಾಗಿಲ್ಲ. ಆದರೆ ಅದನ್ನು ಆಡುವವರು ಬೇಕು, ಬರೆದಿಡುವವರೂ ಬೇಕು ಎಂಬುದು ನಮ್ಮ ಅಭಿಪ್ರಾಯ. ಗಡಿನಾಡ ಕನ್ನಡಿಗರಾದ ನಾವು ಅಜ್ಜಿಯ ಹಾಡುಗಳನ್ನೂ ಊರಿನ ಕಥೆಗಳನ್ನೂ ಇಂದೇ ಬರೆದಿಡಬೇಡವೇ?